ಮೊದಲನೇ ಲೇನಿನ ಒಳಗೆರೆ

ಬೆಳಗಿನ ಐದೂಕಾಲು. ವಿಶ್ವವಿದ್ಯಾಲಯದ ಓಟದ ಮೈದಾನದ ಮೇಲೆ ಮಂಜು ಎಷ್ಟು ದಟ್ಟವಾಗಿ ಕೂತಿದೆಯೆಂದರೆ, ಎದುರುಗಡೆ ಒಂದು ಗ್ಯಾಲರಿ ಇದೆ ಎಂಬುದನ್ನು ನಂಬಿಕೆಯ ಮೇಲೆಯೇ ಒಪ್ಪಿಕೊಳ್ಳಬೇಕು. ಆ ಬಿಳಿಯೊಳಗಿಂದ ಮೊದಲು ಚಕ್ರದ ಕಿರ್ರೆಂಬ ಸದ್ದು ಬರುತ್ತದೆ, ಆಮೇಲೆ ಒಂದು ಕೆಮ್ಮು, ಅದಾದ ಮೇಲೆ ಮನುಷ್ಯ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಣ್ಣಿನ ರೆಪ್ಪೆಯವರೆಗೂ ಬೆಳ್ಳಗಾದ ಈ ಮನುಷ್ಯನನ್ನು ಮೊದಲ ಸಲ ನೋಡಿದವರು ಒಂದು ಹೆಜ್ಜೆ ಹಿಂದಕ್ಕೆ ಇಡುತ್ತಾರೆ. ಈ ಮನುಷ್ಯನಿಗೆ ಅದು ರೂಢಿಯಾಗಿದೆ.

"ಹೆದರ್ಬೇಡಿ, ಬದುಕಿದ್ದೀನಿ. ಸಂಬಳದ ಚೀಟೀಲಿ ಹಾಗಂತ ಬರ್ದಿದಾರೆ."

ವಿದ್ಯಾರ್ಥಿಗಳಿಗೆ ಇವರು 'ಸುಣ್ಣದಣ್ಣ'. ವಯಸ್ಸು ಐವತ್ತೇಳು. ಓಟದ ಟ್ರ್ಯಾಕಿಗೆ ಸುಣ್ಣದ ಗೆರೆ ಎಳೆಯುವುದು ಇವರ ಕೆಲಸ. ಮೂವತ್ತಮೂರು ವರ್ಷದಿಂದ ಎಳೆಯುತ್ತಿದ್ದಾರೆ. ಅಡಿಯಲ್ಲಿ ಸೀಳಿರುವ ಒಂದು ತಗಡಿನ ಡಬ್ಬಿ, ಅದಕ್ಕೊಂದು ಚಕ್ರ, ಹಿಂದೆ ಹಿಡಿ, ಇಷ್ಟೇ ಇವರ ಯಂತ್ರ. ತಳ್ಳಿದರೆ ಐದು ಸೆಂಟಿಮೀಟರ್ ಅಗಲಕ್ಕೆ ಪುಡಿ ಉದುರುತ್ತದೆ. ನೋಡುವವರಿಗೆ ಇದೇನು ಮಹಾ ಅನ್ನಿಸುತ್ತದೆ. ನೋಡುವವರು ಒಮ್ಮೆ ತಳ್ಳಿ ನೋಡಬೇಕು. ಹತ್ತು ಅಡಿ ಹೋಗುವಷ್ಟರಲ್ಲಿ ಗೆರೆ ಹಾವಾಗಿರುತ್ತದೆ. "ಚಕ್ರ ನೋಡ್ಬಾರ್ದು ಸಾರ್. ಹೋಗಿ ಸೇರ್ಬೇಕಾದ ಜಾಗ ನೋಡ್ಬೇಕು. ಕಾಲು ನೋಡ್ಕೊಂಡು ನಡ್ಯೋನು ಎಡವ್ತಾನೆ."

ಎಂಟು ಲೇನಿಗೆ ಒಂಬತ್ತು ಗೆರೆ. ಒಂದು ಸಲ ಪೂರ್ತಿ ಎಳೆದರೆ ನಾಲ್ಕು ಕಿಲೋಮೀಟರಿಗೆ ಚೂರು ಕಡಿಮೆ. ಅದಕ್ಕೆ ನಾಲ್ಕು ಚೀಲ ಸುಣ್ಣ. ವರ್ಷಕ್ಕೆ ಏನಿಲ್ಲವೆಂದರೂ ನೂರರವತ್ತು ಸಲ. ಒಟ್ಟು ಲೆಕ್ಕ ಹಾಕಿದರೆ ಇಪ್ಪತ್ತು ಸಾವಿರ ಕಿಲೋಮೀಟರ್ ದಾಟುತ್ತದೆ. ಭೂಮಿಯ ಹೊಟ್ಟೆಗೆ ಅರ್ಧ ಸುತ್ತು ಬಿಗಿಯುವಷ್ಟು ಗೆರೆ ಎಳೆದಿದ್ದೀರಿ ಎಂದು ಹೇಳಿದರೆ ಅವರು ಮೂಗಿನ ಬಟ್ಟೆ ಸಡಿಲಿಸಿ ಸ್ವಲ್ಪ ಯೋಚಿಸುತ್ತಾರೆ. "ಅರ್ಧ ಸುತ್ತಾ? ಹಾಗಾದ್ರೆ ಮನೆಗೆ ಬರೋಕೆ ಇನ್ನೂ ಅರ್ಧ ಇದೆ ಅನ್ನಿ."

ಈ ವಿಶ್ವವಿದ್ಯಾಲಯದ ಕ್ರೀಡಾ ಚರಿತ್ರೆ ಎಂಬ ನಾನೂರ ಹನ್ನೆರಡು ಪುಟಗಳ ಒಂದು ಪುಸ್ತಕವಿದೆ. ಎತ್ತಿ ಹೊಡೆದರೆ ಮನುಷ್ಯ ಸಾಯುವಷ್ಟು ತೂಕದ್ದು. ಇಟ್ಟಿಗೆ ಸುಡುತ್ತಿದ್ದ ಹಳ್ಳವನ್ನು ಮೊದಲ ಕುಲಪತಿಗಳು ಮೈದಾನ ಮಾಡಿದ್ದು, ರೈಲು ಎಂಜಿನ್ನುಗಳ ಬೂದಿಯನ್ನು ವ್ಯಾಗನ್‌ಗಟ್ಟಲೆ ತರಿಸಿ ಓಟದ ಹಾದಿಗೆ ಹಾಸಿದ್ದು, ಮರದ ಪೆವಿಲಿಯನ್ ಎದ್ದದ್ದು, ಈಜುಕೊಳ ತೋಡಿದ್ದು, ಒಂದಾದ ಮೇಲೊಂದು ಹನ್ನೊಂದು ಶಾಲೆಗಳು ಸಂಯೋಜಿತವಾಗಿ ವರ್ಷವರ್ಷವೂ ತಮ್ಮ ಬಾವುಟ ಹಿಡಿದು ಕ್ರೀಡಾಕೂಟಕ್ಕೆ ಬಂದದ್ದು ಎಲ್ಲವೂ ಇದೆ, ಬಣ್ಣದ ಚಿತ್ರ ಸಮೇತ. ಗೆರೆ ಎಳೆದವರು ಮುನ್ನುಡಿಯ ಕೊನೆಯ ಸಾಲಿನಲ್ಲಿದ್ದಾರೆ: 'ಮೈದಾನದ ಸಿಬ್ಬಂದಿಗೂ ವಂದನೆಗಳು.' ಆ 'ಊ'ಕಾರದಲ್ಲಿ ಇಡೀ ಕುಟುಂಬವೊಂದು ಅಡಗಿ ಕೂತಿದೆ.

ಪುಸ್ತಕದಲ್ಲಿ ಇಲ್ಲದ್ದನ್ನು ಸುಣ್ಣದಣ್ಣ ತೋರಿಸುತ್ತಾರೆ. ಈಜುಕೊಳಕ್ಕೆ ಹತ್ತೊಂಬತ್ತು ವರ್ಷದಿಂದ ನೀರು ಬಿಟ್ಟಿಲ್ಲ; ಆದರೂ ಅದರ ದಂಡೆಯ ಮೇಲೆ ಮುಂಜಾನೆ ಕ್ಲೋರಿನ್ ವಾಸನೆ ಬರುತ್ತದೆ. ಕುಸ್ತಿ ಮನೆಯಲ್ಲಿ ಮೌಲ್ಯಮಾಪನ ಮುಗಿದ ಉತ್ತರಪತ್ರಿಕೆಗಳ ಮೂಟೆಗಳಿವೆ. ನೆಲಕ್ಕೆ ಬಿದ್ದವರ ಜಾಗದಲ್ಲಿ ಫೇಲಾದವರು. ಪೆವಿಲಿಯನ್ನಿನ ಗೋಡೆಗೆ ದಾಖಲೆಗಳ ಹಲಗೆ ಇದೆ: ಯಾವ ಓಟ, ಯಾರು, ಯಾವ ಶಾಲೆ, ಎಷ್ಟು ಹೊತ್ತು. ಅದರಲ್ಲಿ ಹುಡುಗಿಯರ ಎಂಟುನೂರು ಮೀಟರಿನ ಸಾಲಿನ ಕೆಳಗೆ ಒಂದು ಸಾಲನ್ನು ಕೆರೆದು ತೆಗೆದಿದ್ದಾರೆ. ಒಣಹವೆಯಲ್ಲಿ ಅಲ್ಲಿ ಏನೂ ಇಲ್ಲ. ಮಂಜು ಬಿದ್ದ ಬೆಳಿಗ್ಗೆ ಮರ ತೇವ ಹೀರಿಕೊಂಡಾಗ ಕೆರೆದ ಅಕ್ಷರಗಳು ಒಂದೊಂದಾಗಿ ಕಪ್ಪಗೆ ಮೂಡುತ್ತವೆ. ಬಿಸಿಲೇರಿದರೆ ಮತ್ತೆ ಇಲ್ಲ.

ಆ ಸಾಲೇ ಈ ಕಥೆ.

ಮುಂದಿನ ಸೋಮವಾರ ಈ ಬೂದಿಯ ಟ್ರ್ಯಾಕನ್ನು ಅಗೆದು ಹಾಕುತ್ತಾರೆ. ಕೆಂಪು ರಬ್ಬರಿನದು ಬರುತ್ತದೆ, ಗೆರೆಗಳು ಅದರ ಜೊತೆಯಲ್ಲೇ ಬರುತ್ತವೆ, ಹತ್ತು ವರ್ಷ ಗ್ಯಾರಂಟಿ. ಸುಣ್ಣದಣ್ಣನಿಗೆ ಕೆಲಸವೇನೂ ಹೋಗುವುದಿಲ್ಲ; ನಿವೃತ್ತಿಯವರೆಗಿನ ಮೂರು ವರ್ಷ ಉಗ್ರಾಣದಲ್ಲಿ ಕೂರಿಸುತ್ತಾರಂತೆ. ಅವರಿಗಿರುವ ಚಿಂತೆ ಬೇರೆ. ಮೈದಾನ ಅಗೆಯುವುದರೊಳಗೆ ಒಬ್ಬರನ್ನು ಇಲ್ಲಿಗೆ ಕರೆತರಬೇಕು, ಒಂದು ಸದ್ದು ಕೇಳಿಸಬೇಕು.

"ನೀವೇ ಕೇಳಿ ಮೊದ್ಲು," ಎಂದು ಪೇಪರಿಗೆ ಬರೆಯಲು ಬಂದವರಿಗೆ ಹೇಳುತ್ತಾರೆ. "ಆಮೇಲೆ ನನಗೆ ತಲೆ ಕೆಟ್ಟಿದೆ ಅಂತ ಬರೀಬೇಕಾದ್ರೆ ಬರೀರಿ."

ಐದು ಐವತ್ತು. ಮೊದಲನೇ ಲೇನಿನ ಒಳಗೆರೆ ಎಳೆದು ಮುಗಿದಿದೆ. ಗಾಡಿಯನ್ನು ಗೆಲುವಿನ ಗೆರೆಯ ಪಕ್ಕಕ್ಕೆ ನಿಲ್ಲಿಸಿ ಅವರು ಕೈ ಎತ್ತುತ್ತಾರೆ. ಕಾಗೆಗಳೂ ಆ ಕೈಯ ಅರ್ಥ ತಿಳಿದಂತೆ ಸುಮ್ಮನಾಗುತ್ತವೆ. ನೂರು ಮೀಟರ್ ಆಚೆ, ತಿರುವು ಮುಗಿದು ನೇರ ಹಾದಿ ಶುರುವಾಗುವ ಕಡೆಯಿಂದ, ಬೂದಿಯ ಮೇಲೆ ಕಾಲು ಬೀಳುವ ಸದ್ದು ಏಳುತ್ತದೆ. ಚರ್, ಚಟ್. ಚರ್, ಚಟ್. ಓಡುತ್ತಿದ್ದಾರೆ, ಅವಸರದಲ್ಲಿದ್ದಾರೆ. ಸದ್ದು ಹತ್ತಿರವಾಗುತ್ತದೆ, ಜೊತೆಗೆ ಉಸಿರಿನ ಏದುವಿಕೆಯೂ ಕೇಳಿದಂತಾಗುತ್ತದೆ. ಮಂಜಿನಿಂದ ಇನ್ನೇನು ಒಂದು ಮುಖ ಹೊರಬರಬೇಕು, ಗೆರೆಗೆ ಎರಡೇ ಎರಡು ಹೆಜ್ಜೆ ಇದೆ ಅನ್ನುವಾಗ ಸದ್ದು ನಿಲ್ಲುತ್ತದೆ. ನಿಧಾನವಾಗಿ ಅಲ್ಲ, ಕತ್ತರಿಸಿದ ಹಾಗೆ. ಆ ಜಾಗದಲ್ಲಿ ಬೂದಿ ಕದಲಿಲ್ಲ.

"ಕೇಳಿಸ್ತಾ?"

ಕೇಳಿಸಿತು.

"ಹಾಗಾದ್ರೆ ನನ್ನ ಪಟ್ಟೀಲಿ ನೀವು ಐದನೇಯವ್ರು. ಮೂರು ಜನ ಕೇಳಿದ ದಿನಾನೇ ಕೆಲ್ಸ ಬಿಟ್ರು. ಇನ್ನೊಬ್ರು ಪ್ರೊಫೆಸರ್."

ಭೌತಶಾಸ್ತ್ರದ ಆ ಪ್ರೊಫೆಸರು ಇದನ್ನು ಗ್ಯಾಲರಿಯ ಪ್ರತಿಧ್ವನಿ ಎಂದರು. ಯಾವುದರ ಪ್ರತಿಧ್ವನಿ ಎಂದು ಕೇಳಿದ್ದಕ್ಕೆ, ಅದನ್ನು ಮುಂದಿನ ಸಂಶೋಧನೆಗೆ ಬಿಡೋಣ ಎಂದರು. ಧ್ವನಿಮುದ್ರಣವನ್ನೂ ಮಾಡಿಕೊಂಡು ಹೋದರು. ಅದರಲ್ಲಿ ಅವರ ಸೀನು ಬಿಟ್ಟರೆ ಬೇರೇನೂ ಸಿಗಲಿಲ್ಲ. ಗೆರೆ ಎಳೆಯದ ದಿನ ಸದ್ದು ಬರುವುದಿಲ್ಲ. ಹೊಸ ಸುಣ್ಣ ಬಿದ್ದ ಬೆಳಿಗ್ಗೆ ಮಾತ್ರ ಬರುತ್ತದೆ, ಮೂವತ್ತೊಂದು ವರ್ಷದಿಂದ.

ಮೂವತ್ತೊಂದು ವರ್ಷದ ಹಿಂದೆ ಆದದ್ದು ಎಲ್ಲರಿಗೂ ಗೊತ್ತಿರುವಂಥದ್ದೇ. ಸಂಯೋಜಿತ ಶಾಲೆಗಳ ವಾರ್ಷಿಕ ಕೂಟ. ಗುಡ್ಡದ ಮೇಲಿನ ಶಾಲೆಯಿಂದ ಹದಿನೇಳು ವರ್ಷದ ಒಬ್ಬ ಹುಡುಗಿ ಬಂದಿದ್ದಳು. ಆ ಶಾಲೆಗೆ ಸ್ವಂತ ಮೈದಾನವಿರಲಿಲ್ಲ. ಮಕ್ಕಳು ಮೆಟ್ಟಿಲು ಹತ್ತಿ ಇಳಿದು ಓಟ ಕಲಿಯುತ್ತಿದ್ದರು. ಎಂಟುನೂರು ಮೀಟರನ್ನು ಅವಳು ಎರಡು ನಿಮಿಷ ಹದಿಮೂರು ಪಾಯಿಂಟ್ ಒಂಬತ್ತು ಸೆಕೆಂಡಿನಲ್ಲಿ ಮುಗಿಸಿದಳು. ಹಳೆಯ ದಾಖಲೆಗಿಂತ ಮುಕ್ಕಾಲು ಸೆಕೆಂಡಿನಷ್ಟು ಕಡಿಮೆ. ಆ ಕಾಲಕ್ಕೆ ಅಂಥ ದಾಖಲೆ ಮಾಡಿದವರನ್ನು ನೇರವಾಗಿ ದೊಡ್ಡ ತರಬೇತಿ ಶಿಬಿರಕ್ಕೆ ಆರಿಸುತ್ತಿದ್ದರು. ಉತ್ಸಾಹದಲ್ಲಿ ಪೇಂಟರು ಅರ್ಧ ಗಂಟೆಯೊಳಗೆ ಅವಳ ಹೆಸರನ್ನು ಹಲಗೆಗೆ ಏರಿಸಿಯೂಬಿಟ್ಟ. ದಾಖಲೆಗೆ ಸಹಿ ಹಾಕಬೇಕಾದ ಅಧಿಕಾರಿಗಳು ನಿಯಮದ ಪ್ರಕಾರ ಉಕ್ಕಿನ ಟೇಪು ಹಿಡಿದು ಟ್ರ್ಯಾಕು ಅಳೆದರು. ಒಂದು ಸುತ್ತಿಗೆ ಅರವತ್ತಮೂರು ಸೆಂಟಿಮೀಟರ್ ಕಮ್ಮಿ ಬಂತು. ಎರಡು ಸುತ್ತಿಗೆ ಒಂದೂಕಾಲು ಮೀಟರ್.

ಹೇಗೆ ಕಮ್ಮಿಯಾಯಿತು ಎಂಬುದು ಗೆರೆಯವರಿಗಷ್ಟೇ ಅರ್ಥವಾಗುವ ತಪ್ಪು. ಟ್ರ್ಯಾಕಿನ ಒಳ ಅಂಚಿಗೆ ಮರದ ಹಲಗೆ ನೆಟ್ಟಿದ್ದರೆ ಓಡುವವರು ಎಡವುವ ಭಯಕ್ಕೆ ಅದರಿಂದ ದೂರ ಓಡುತ್ತಾರೆ. ಬರೀ ಸುಣ್ಣದ ಗೆರೆಯಾದರೆ ಅದಕ್ಕೆ ಅಂಟಿಕೊಂಡೇ ಓಡುತ್ತಾರೆ. ಅದಕ್ಕಾಗಿ ಹಲಗೆ ತೆಗೆದರೆ ಗೆರೆಯನ್ನು ಒಂದು ಅಂಗೈಯಗಲ, ಅಂದರೆ ಹತ್ತು ಸೆಂಟಿಮೀಟರ್, ಹೊರಕ್ಕೆ ಸರಿಸಿ ಎಳೆಯಬೇಕು. ಆ ವರ್ಷ ಹಲಗೆಗಳಿಗೆ ಗೆದ್ದಲು ಹಿಡಿದು ಕಿತ್ತು ಹಾಕಿದ್ದರು. ಗೆರೆಯನ್ನು ಮಾತ್ರ ಸರಿಸದೆ ಹಲಗೆ ಇದ್ದ ಜಾಗದಲ್ಲೇ ಎಳೆದಿದ್ದರು. ಒಂದು ಅಂಗೈ. ಪೂರ್ತಿ ದೂರ ಓಡಿದ್ದರೂ ಆ ಹುಡುಗಿಯದೇ ದಾಖಲೆಯಾಗುತ್ತಿತ್ತು. ಒಂದೂಕಾಲು ಮೀಟರಿಗೆ ಅವಳಿಗೆ ಬೇಕಾದದ್ದು ಸೆಕೆಂಡಿನ ಐದನೇ ಒಂದು ಭಾಗ. ಆದರೆ ಓಡದೇ ಇರುವ ದೂರಕ್ಕೆ ಸಹಿ ಹಾಕುವ ನಿಯಮವಿಲ್ಲ. ಮರುದಿನ ಪೇಂಟರು ಅದೇ ಹೆಸರನ್ನು ಚಾಕುವಿನಲ್ಲಿ ಕೆರೆದ. ಶಿಬಿರದ ಕಾಗದ ಬರಲಿಲ್ಲ.

ಹೊಣೆ ಹೊತ್ತವರು ಮೈದಾನದ ಆಗಿನ ಮೇಸ್ತ್ರಿ, ಸುಣ್ಣದಣ್ಣನ ಸೋದರಮಾವ. ತಂದೆಯಿಲ್ಲದ ಅಳಿಯನನ್ನು ಸಾಕಿ, ಕೆಲಸ ಕಲಿಸಿ, ಇಲ್ಲಿಗೆ ಸೇರಿಸಿದವರೂ ಅವರೇ. "ಕಣ್ಣು ಮಂಜಾಗಿದೆ, ಗೆರೆ ತಪ್ಪಿತು" ಎಂದು ವಿಚಾರಣೆಯಲ್ಲಿ ಬರೆದುಕೊಟ್ಟರು. ಅವರನ್ನು ಮೈದಾನದಿಂದ ತೆಗೆದು ಹಿಂದಿನ ಗೇಟಿಗೆ ಕಾವಲು ಹಾಕಿದರು. ಬೆನ್ನು ಮೈದಾನದ ಕಡೆಗೆ ಬರುವ ಹಾಗೆ ಕುರ್ಚಿ ಹಾಕಿಕೊಂಡು ನಾಲ್ಕು ವರ್ಷ ಕೂತರು. ಐದನೇ ವರ್ಷ ಕುರ್ಚಿ ಖಾಲಿಯಾಯಿತು.

ಸದ್ದು ಆ ಹುಡುಗಿಯದು ಎಂಬುದು ಸುಣ್ಣದಣ್ಣನ ನಂಬಿಕೆ. "ಆ ಒಂದೂಕಾಲು ಮೀಟರ್ ಬಾಕಿ ಇದೆಯಲ್ಲ, ಅದಕ್ಕೇ ಎರಡು ಹೆಜ್ಜೆ ಇರುವಾಗ್ಲೇ ನಿಂತ್ಹೋಗತ್ತೆ. ಅವ್ರೇ ಬಂದು ದಾಟಿದ್ರೆ ಮುಗೀತದೆ. ಅಗೆದ ಮೇಲೆ ಅದು ಎಲ್ಲಿಗೆ ಹೋಗ್ಬೇಕು ಹೇಳಿ? ಗೆರೆ ಇಲ್ಲದ ಮೇಲೆ ದಾಟೋದು ಏನನ್ನ?"

ಇದರಲ್ಲಿ ಒಂದು ತೊಡಕಿದೆ. ಆ ಹುಡುಗಿ ಗಟ್ಟಿಮುಟ್ಟಾಗಿ ಬದುಕಿದ್ದಾರೆ. ವಯಸ್ಸು ನಲವತ್ತೆಂಟು. ಅದೇ ಗುಡ್ಡದ ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಕೊರಳಲ್ಲಿ ಸದಾ ವಿಶಲ್ ನೇತಾಡುವುದರಿಂದ ಮಕ್ಕಳು 'ವಿಶಲ್ ಮಿಸ್' ಅನ್ನುತ್ತಾರೆ. ಬದುಕಿರುವವರ ದೆವ್ವ ಇರುತ್ತದೆಯೇ ಎಂಬ ಪ್ರಶ್ನೆಗೆ ಸುಣ್ಣದಣ್ಣ ತಲೆ ಕೆರೆದುಕೊಂಡು ಒಂದಿಷ್ಟು ಸುಣ್ಣ ಉದುರಿಸುತ್ತಾರೆ. "ಅದೇ ನಂಗೂ ಲೆಕ್ಕ ಹತ್ತಲ್ಲ."

ಅವರ ಮನೆ ಮೈದಾನದ ಕಾಂಪೌಂಡಿಗೆ ಆತುಕೊಂಡಿರುವ ಎರಡು ಕೋಣೆಯ ವಸತಿ. ಬಾಗಿಲಲ್ಲಿ ಮನೆಯಾಕೆಯ ಹೊಲಿಗೆ ಯಂತ್ರ. ಗಂಡನ ಅಂಗೈಯ ಬಿರುಕುಗಳಿಗೆ ಎಣ್ಣೆ ಹಚ್ಚುವುದೂ, ಗಂಡನ ಕಾಲು ಎಳೆಯುವುದೂ ಅವರ ದಿನಚರಿ. "ಮೂವತ್ತು ವರ್ಷದಿಂದ ಇವ್ರು ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಯಾವ್ದೋ ಹೆಣ್ಣಿನ ಹೆಜ್ಜೆ ಕೇಳೋಕೆ ಹೋಗ್ತಾರೆ. ಬೇರೆಯವ್ರಾಗಿದ್ರೆ ಅನುಮಾನ ಪಡ್ತಿದ್ರು. ನಂಗೆ ಧೈರ್ಯ, ಈ ಸುಣ್ಣದ ಬೊಂಬೇನ ಯಾರು ಕಟ್ಕೊಂಡೋಗ್ತಾರೆ?" ಅಗೆದ ಮೇಲೆ ಆ ಸದ್ದು ಮನೆಗೇ ಬಂದರೆ ಎಂದು ಗಂಡ ಗೊಣಗಿದಾಗ ಆಕೆ ದಾರ ಕಚ್ಚಿ ಕತ್ತರಿಸಿ ಹೇಳುತ್ತಾರೆ: "ಬರ್ಲಿ ಬಿಡಿ. ಒಂದು ಲೋಟ ಚಹಾ ಹೆಚ್ಚಿಗೆ ಇಡ್ತೀನಿ." ಆಮೇಲೆ, ಗಂಡ ಒಳಗೆ ಹೋದ ಮೇಲೆ, ಯಂತ್ರ ನಿಲ್ಲಿಸಿ ದನಿ ತಗ್ಗಿಸುತ್ತಾರೆ. "ನಿದ್ದೇಲಿ ಕಾಲು ಆಡಿಸ್ತಾರೆ. ಓಡೋ ಹಾಗೆ. ಒಂದಿನ ಎಬ್ಬಿಸಿ ಕೇಳ್ದೆ, ಎಲ್ಲಿಗೆ ಅಂತ. 'ಇಲ್ಲೇ' ಅಂದ್ರು."

ಗುಡ್ಡದ ಶಾಲೆಗೆ ಸುಣ್ಣದಣ್ಣ ಈ ತಿಂಗಳಲ್ಲಿ ಮೂರು ಸಲ ಹೋಗಿ ಬಂದಿದ್ದಾರೆ. ಮೂರು ಸಲವೂ ಬರಿಗೈ. ವಿಶಲ್ ಮಿಸ್ ಪ್ರತಿವರ್ಷ ಮಕ್ಕಳನ್ನು ಕೂಟಕ್ಕೆ ಕರೆತರುತ್ತಾರೆ, ಗ್ಯಾಲರಿಯ ಕೊನೆಯ ಮೆಟ್ಟಿಲಲ್ಲಿ ಕೂರುತ್ತಾರೆ, ಟ್ರ್ಯಾಕಿನ ಮೇಲೆ ಕಾಲಿಡುವುದಿಲ್ಲ. ಶಾಲೆಯ ಮೆಟ್ಟಿಲ ಬುಡದಲ್ಲಿ ನಿಂತು, ಮೇಲೆ ಓಡುತ್ತಿರುವ ಮಕ್ಕಳಿಂದ ಕಣ್ಣು ತೆಗೆಯದೆ ಮಾತಾಡುತ್ತಾರೆ.

"ನನ್ನ ಹೆಜ್ಜೆ ನನ್ನ ಕಾಲಲ್ಲೇ ಇದೆ, ಅಲ್ಲಿ ಬಂದು ಯಾಕೆ ಹುಡುಕ್ಲಿ? ಏಯ್, ಕೊನೇ ಮೆಟ್ಲು ಬಿಟ್ಟೆ ನೀನು, ಮತ್ತೆ ಹತ್ತು! ನೋಡಿ, ಆ ಮುದುಕ್ರ ಮೇಲೆ ನಂಗೆ ಸಿಟ್ಟಿತ್ತು. ಈಗ್ಲೂ ಪಾಠ ಮಾಡೋವಾಗ ಅವ್ರದ್ದೇ ಉದಾಹರಣೆ ಕೊಡ್ತೀನಿ. ಕಣ್ಣು ಕಾಣ್ದಿದ್ರೆ ಕಾಣಲ್ಲ ಅಂತ ಮೊದ್ಲೇ ಹೇಳ್ಬೇಕು, ಅದಕ್ಕೆ ಇನ್ನೊಬ್ರ ಬದುಕು ಯಾಕೆ ಬಲಿ ಅಂತ. ಇಪ್ಪತ್ತೈದು ಬ್ಯಾಚಿನ ಮಕ್ಳಿಗೆ ಆ ಕಥೆ ಬಾಯಿಪಾಠ."

ಶನಿವಾರ ಬೆಳಿಗ್ಗೆ ಅವರು ಹೇಳದೆ ಕೇಳದೆ ಬರುತ್ತಾರೆ. ಗೇಟಿನ ಹೊರಗೆ ಅಗೆಯುವ ಯಂತ್ರ ಬಂದು ಕತ್ತು ಬಗ್ಗಿಸಿ ನಿಂತಿದೆ, ಮಂಜಿನಲ್ಲಿ ನೀರು ಕುಡಿಯಲು ಬಂದ ಯಾವುದೋ ಪ್ರಾಣಿಯಂತೆ. ಅದರ ಪಕ್ಕ ಸ್ಕೂಟರು ನಿಲ್ಲಿಸಿ, ಹುಲ್ಲಿನ ಮೇಲೆ ನಡೆದು, ಟ್ರ್ಯಾಕಿನ ಅಂಚಿಗೆ ಬಂದು ನಿಲ್ಲುತ್ತಾರೆ.

"ಬಂದೆ ಸುಣ್ಣದಣ್ಣ. ಸೋಮವಾರ ಆದ್ಮೇಲೆ ನನ್ನ ಕರಿಯೋಕೆ ನಿಮಗೆ ನೆಪಾನೇ ಇರಲ್ವಲ್ಲ, ಪಾಪ ಅನ್ನಿಸ್ತು."

ಐದು ಐವತ್ತಕ್ಕೆ ಸದ್ದು ಬರುತ್ತದೆ. ತಿರುವಿನಿಂದ ಹೊರಟು, ನೇರ ಹಾದಿಗುಂಟ, ಚರ್, ಚಟ್, ಅದೇ ಅವಸರದಲ್ಲಿ. ವಿಶಲ್ ಮಿಸ್ ಕಣ್ಣು ಮುಚ್ಚಿ ತಲೆ ವಾಲಿಸಿ ಕೇಳುತ್ತಾರೆ, ವೈದ್ಯರು ಎದೆಗೆ ಕಿವಿಯಿಟ್ಟ ಹಾಗೆ. ಸದ್ದು ನಿಂತ ಮೇಲೂ ಕಣ್ಣು ಬಿಡುವುದಿಲ್ಲ.

"ಇದು ನಾನಲ್ಲ," ಎನ್ನುತ್ತಾರೆ.

"ಮೇಡಂ?"

"ನಾನು ಬರಿಗಾಲಲ್ಲಿ ಓಡಿದ್ದು. ಶೂ ಎಲ್ಲಿತ್ತು ನಮ್ಗೆ? ಬೂದಿ ಮೇಲೆ ಬರಿಗಾಲು ಬಿದ್ರೆ ಬೆಕ್ಕು ಹೋದ ಹಾಗೆ, ಸದ್ದೇ ಬರಲ್ಲ. ಇದಕ್ಕೆ ಅಟ್ಟೆ ಇದೆ. ಅದ್ರಲ್ಲೂ ಒಂದು ಅಟ್ಟೆ ಬಾಯಿ ಬಿಟ್ಟಿದೆ, ಅದೇ ಚಟ್ ಅನ್ನೋದು. ದಿನಾ ನಲವತ್ತು ಮಕ್ಳ ಕಾಲು ನೋಡೋಳು ನಾನು, ಇಷ್ಟು ತಿಳಿಯಲ್ವಾ?" ಅವರು ಕಣ್ಣು ಬಿಡುತ್ತಾರೆ. "ಆ ದಿನ ನಿಮ್ಮ ಕಾಲಲ್ಲಿ ಏನಿತ್ತು?"

ಸುಣ್ಣದಣ್ಣ ಗಾಡಿಯ ಹಿಡಿ ಬಿಡುತ್ತಾರೆ. ಅದು ಪಕ್ಕಕ್ಕೆ ವಾಲಿ ಒಂದು ಬೊಗಸೆ ಸುಣ್ಣ ಚೆಲ್ಲುತ್ತದೆ. ಮೂವತ್ತಮೂರು ವರ್ಷದಲ್ಲಿ ಬಹುಶಃ ಮೊದಲ ಸಲ, ಅವರು ಅದನ್ನು ಗಮನಿಸುವುದಿಲ್ಲ.

"ಕ್ಯಾನ್ವಾಸ್ ಶೂ," ಎನ್ನುತ್ತಾರೆ. "ಬಲಗಾಲಿಂದು ಬಾಯಿ ಬಿಟ್ಟಿತ್ತು. ದಾರ ಕಟ್ಕೊಂಡಿದ್ದೆ."

ಟ್ರ್ಯಾಕಿನ ಅಂಚಿನ ಹುಲ್ಲಿನ ಮೇಲೆ ಕುಸಿದು ಕೂತು, ಮೂಗಿನ ಬಟ್ಟೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಅವರು ಹೇಳಿದ್ದು ಇಷ್ಟು.

"ಆ ಗೆರೆ ಮಾವ ಎಳೆದಿದ್ದಲ್ಲ. ನಾನು ಎಳೆದಿದ್ದು. 'ಒಂದು ಅಂಗೈ ಹೊರಕ್ಕೆ ಸರಿಸೋ' ಅಂತ ಹಿಂದಿನ ದಿನ ಎರಡು ಸಲ ಹೇಳಿದ್ರು. ಹಲಗೆ ಕಿತ್ತ ಜಾಗದಲ್ಲಿ ಗೂಟದ ಗುರುತು ಸಾಲಾಗಿ ಇತ್ತು. ಕೈ ತಾನಾಗೇ ಅದರ ಮೇಲೇ ಹೋಯ್ತು. ದಿನಾ ಹೋದ ದಾರೀಲೇ ಎತ್ತು ಹೋಗಲ್ವಾ, ಹಾಗೆ. ಮಾವ ನನ್ನ ಮೇಲೆ ನಂಬಿಕೆ ಇಟ್ಟು ಮತ್ತೆ ಅಳೀಲಿಲ್ಲ. ನಿಮ್ಮ ಓಟದ ಹೊತ್ತಿಗೆ ನಾನು ಆ ತಿರುವಿನ ಹತ್ರ ನಿಂತಿದ್ದೆ. ನೀವು ಮೊದಲನೇ ಸುತ್ತಲ್ಲಿ ಗೆರೆಗೆ ಅಂಟ್ಕೊಂಡು ಹೋದ್ರಿ. ನಿಮ್ಮ ಪಾದ ಎದ್ದ ಜಾಗದಲ್ಲಿ ಸುಣ್ಣ ಸರಿದು ಗೂಟದ ಗುರುತು ಕಾಣಿಸ್ತು, ಗೆರೆ ಕೆಳಗೇ. ಆವಾಗ ಗೊತ್ತಾಯ್ತು. ನೀವು ಎರಡನೇ ಸುತ್ತು ಬರೋ ಹೊತ್ತಿಗೆ ಮಾವನಿಗೆ ಹೇಳೋಣ ಅಂತ ಓಡ್ದೆ. ಅವ್ರು ಗೆಲುವಿನ ಗೆರೆ ಹತ್ರ ಇದ್ರು. ಎರಡು ಹೆಜ್ಜೆ ಇತ್ತು ಅಷ್ಟೆ. ಅಷ್ಟ್ರಲ್ಲಿ ನೀವು ಬಂದ್ರಿ, ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು, ಮಾವಾನೂ ಹೊಡೀತಿದ್ರು. ನಾನೂ ನಿಂತು ಹೊಡ್ದೆ."

ಆಮೇಲೆ ಹೇಳಬಹುದಿತ್ತು. ಟೇಪು ಬರುವುದಕ್ಕೆ ಒಂದು ಗಂಟೆಯಿತ್ತು, ವಿಚಾರಣೆಗೆ ಒಂದು ವಾರವಿತ್ತು, ಮಾವ ಗೇಟಿನಲ್ಲಿ ನಾಲ್ಕು ವರ್ಷವಿದ್ದರು. "ಮಾವನಿಗೆ ಗೊತ್ತಿತ್ತು, ಗೆರೆ ನಂದು ಅಂತ. 'ಸುಮ್ನಿರೋ, ಕೆಲಸ ಕಳ್ಕೊಂಡೋನಿಗೆ ಹೆಣ್ಣು ಯಾರು ಕೊಡ್ತಾರೆ' ಅಂದ್ರು. ಸುಮ್ನಿದ್ದೆ. ಒಂದು ದಿನ ಸುಮ್ನಿದ್ರೆ ಎರಡನೇ ದಿನ ಬಾಯಿ ಬರಲ್ಲ ಮೇಡಂ."

ವಿಶಲ್ ಮಿಸ್ ಆ ಎರಡು ಹೆಜ್ಜೆಯ ಬೂದಿಯನ್ನೇ ನೋಡುತ್ತಾ ಮಾತಾಡುತ್ತಾರೆ. ಆ ದನಿಯಲ್ಲಿ ಗದರಿಕೆ ಇಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ನನ್ನ ದಾಖಲೆ ಇರ್ಲಿ ಬಿಡಿ. ನೀವು ಆವತ್ತೇ ಹೇಳಿದ್ರೂ ಟ್ರ್ಯಾಕು ಉದ್ದ ಆಗ್ತಿರ್ಲಿಲ್ಲ. ಇಪ್ಪತ್ತೈದು ಬ್ಯಾಚು, ಸುಣ್ಣದಣ್ಣ. ನನ್ನ ಬಾಯಿಂದ ಆ ಮುದುಕ್ರನ್ನ ಕುರುಡ್ರು ಮಾಡಿಸಿದ್ರಲ್ಲ. ಆ ಮಕ್ಳನ್ನೆಲ್ಲ ಎಲ್ಲಿ ಹುಡ್ಕಿ ತಿದ್ದಲಿ ನಾನು?"

ಸುಣ್ಣದಣ್ಣ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸುತ್ತಾರೆ.

"ಇವ್ರು ಬರ್ಕೊಳ್ತಿದಾರಲ್ಲ," ಎಂದು ಆಕೆ ಪೆನ್ನಿನ ಕಡೆ ಗದ್ದ ಎತ್ತುತ್ತಾರೆ. "ಪೇಪರಲ್ಲಿ ಬರ್ಲಿ."

ಕಚೇರಿಯಲ್ಲಿ ಇದರಿಂದ ತೊಂದರೆ ಆಗಬಹುದು ಎಂದು ಎಚ್ಚರಿಸಬೇಕಾಯಿತು. ನಿವೃತ್ತಿಗೆ ಇನ್ನು ಮೂರೇ ವರ್ಷ. ಸುಣ್ಣದಣ್ಣ ಎದ್ದು ಗಾಡಿ ನೆಟ್ಟಗೆ ಮಾಡುತ್ತಾರೆ. "ಬರೀರಿ. ನನ್ನ ವಿಷ್ಯ ಕೆಳಗೆ ಎಲ್ಲಾದ್ರೂ ಬರೀರಿ. ಮಾವಂದು ಸ್ಪಷ್ಟವಾಗಿ ಬರೀರಿ." ಹಾಗಾಗಿ ಸ್ಪಷ್ಟವಾಗಿಯೇ ಬರೆಯಲಾಗಿದೆ: ಮೂವತ್ತೊಂದು ವರ್ಷದ ಹಿಂದೆ ಈ ಮೈದಾನದ ಮೇಸ್ತ್ರಿಯಾಗಿದ್ದವರ ಕಣ್ಣು ಚೆನ್ನಾಗಿತ್ತು. ಗೆರೆ ಅವರು ಎಳೆದದ್ದಲ್ಲ. ಗುಡ್ಡದ ಶಾಲೆಯಲ್ಲಿ ಓದಿದ ಇಪ್ಪತ್ತೈದು ಬ್ಯಾಚಿನವರು ದಯವಿಟ್ಟು ತಿದ್ದಿಕೊಳ್ಳಬೇಕು.

ವಿಶ್ವವಿದ್ಯಾಲಯದ ಕಚೇರಿಯಲ್ಲಿ ಆ ವಿಚಾರಣೆಯ ಕಡತ ಕೇಳಿದರೆ, ಗುಮಾಸ್ತರು ಎರಡು ಕಪಾಟು ಜಾಲಾಡಿ, ಕೈಯ ಧೂಳು ಕೊಡವಿ, ಅದನ್ನು ಬೆಳ್ಳಿಹುಳು ತಿಂದಿದೆ ಎಂದು ತಿಳಿಸಿದರು. ತಪ್ಪೊಪ್ಪಿಗೆಯನ್ನು ಯಾವ ಕಡತಕ್ಕೆ ಸೇರಿಸಬೇಕು ಎಂದು ಕೇಳಿದ್ದಕ್ಕೆ, ಹುಳುವಿಗೇ ಕೊಡಿ ಅನ್ನುವಂತೆ ನೋಡಿದರು. ಬದುಕಿರುವ ಮನುಷ್ಯನ ಹೆಜ್ಜೆ ಅವನನ್ನು ಬಿಟ್ಟು ತಾನೇ ತಿರುಗುವುದುಂಟೇ ಎಂದು ಕೇಳೋಣವೆಂದರೆ ಆ ಪ್ರೊಫೆಸರು ನಿವೃತ್ತರಾಗಿದ್ದಾರೆ.

ಭಾನುವಾರ. ಯಾವ ಓಟವೂ ಇಲ್ಲ, ಯಾರೂ ಹೇಳಿಲ್ಲ, ಆದರೂ ಸುಣ್ಣದಣ್ಣ ನಾಲ್ಕೂವರೆಗೆ ಬಂದು ಎಂಟೂ ಲೇನಿಗೆ ಗೆರೆ ಹಾಕಿ ಮುಗಿಸಿದ್ದಾರೆ. ನಾಲ್ಕು ಚೀಲ. ಉಗ್ರಾಣದವರು ಕೇಳಿದರೆ ಏನು ಹೇಳುತ್ತೀರಿ ಎಂದರೆ, "ನಾಳೆಯಿಂದ ಉಗ್ರಾಣದವ್ನು ನಾನೇ" ಎನ್ನುತ್ತಾರೆ. ಮಂಜು ನಿನ್ನೆಗಿಂತ ದಟ್ಟ. ವಿಶಲ್ ಮಿಸ್ ಗೆಲುವಿನ ಗೆರೆಯ ಆಚೆ ನಿಂತಿದ್ದಾರೆ. ಮೂವತ್ತೊಂದು ವರ್ಷದ ಮೇಲೆ ಟ್ರ್ಯಾಕಿನ ಮೇಲೆ ಕಾಲಿಟ್ಟಿದ್ದಾರೆ ಎಂಬುದು ಅವರಿಗೂ ಗಮನಕ್ಕೆ ಬಂದಂತಿಲ್ಲ. ಇಬ್ಬರ ನಡುವೆ ನಿನ್ನೆಯಿಂದ ಮಾತಿಲ್ಲ. ಕ್ಷಮೆಯ ಮಾತಂತೂ ಇಲ್ಲ. ಬಂದಿದ್ದಾರೆ, ಅಷ್ಟೇ.

ಐದು ಐವತ್ತು. ತಿರುವಿನಲ್ಲಿ ಬೂದಿ ಚರ್ರೆನ್ನುತ್ತದೆ. ಸುಣ್ಣದಣ್ಣ ಕೈ ಎತ್ತುವುದಿಲ್ಲ. ಎರಡೂ ಕೈ ಗಾಡಿಯ ಹಿಡಿಯನ್ನು ಬಿಗಿಯಾಗಿ ಕಚ್ಚಿಕೊಂಡಿವೆ. ಬಾಯಿಬಿಟ್ಟ ಅಟ್ಟೆ ನೆಲಕ್ಕೆ ಬಡಿಯುತ್ತಾ, ಉಸಿರು ಏದುತ್ತಾ ಸದ್ದು ಹತ್ತಿರವಾಗುತ್ತದೆ. ಹತ್ತು ಹೆಜ್ಜೆ. ಐದು. ಎರಡು ಹೆಜ್ಜೆ ಇರುವಾಗ, ಎಂದಿನಂತೆ, ಕತ್ತರಿಸಿದ ಹಾಗೆ ನಿಲ್ಲುತ್ತದೆ.

ಆಗ ವಿಶಲ್ ಮಿಸ್ ಬಾಯಿಂದ ಒಂದು ಕೂಗು ಹೊರಡುತ್ತದೆ. ಯೋಚಿಸಿ ಕೂಗಿದ್ದಲ್ಲ, ಗೆರೆಯ ಮುಂದೆ ನಿಧಾನಿಸುವ ಯಾವ ಮಗುವನ್ನು ಕಂಡರೂ ಇಪ್ಪತ್ತೈದು ವರ್ಷದಿಂದ ಕೂಗಿದ್ದು.

"ಏಯ್! ಅಲ್ಲೇನು ನಿಲ್ಲೋದು? ದಾಟು! ದಾಟಿ ಆಮೇಲೆ ಸುಸ್ತಾಗು!"

ಗ್ಯಾಲರಿ ಆ ಕೂಗನ್ನು ಒಮ್ಮೆ ಹೇಳಿ ಸುಮ್ಮನಾಗುತ್ತದೆ. ಮಂಜು ಕದಲುವುದಿಲ್ಲ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ.

ಚರ್.

ಚಟ್.

ಅದರ ನಂತರ ಕಾಗೆಗಳು ಶುರು ಮಾಡುತ್ತವೆ. ವಿಶಲ್ ಮಿಸ್ ತಮ್ಮ ಬಾಯಿಗೆ ಅಡ್ಡ ಕೈ ಇಟ್ಟುಕೊಂಡು ನಿಂತಿದ್ದಾರೆ. ಮೊದಲನೇ ಲೇನಿನಲ್ಲಿ ಗೆಲುವಿನ ಗೆರೆ ಒಂದು ಕಡೆ ಕದಡಿದೆ. ಈಗ ಎಳೆದ ಸುಣ್ಣ, ಒಂದು ಪಾದದಗಲ, ಆಚೆಗೆ ಚೆದುರಿ ಬಿದ್ದಿದೆ.

ಸುಣ್ಣದಣ್ಣ ಅದನ್ನು ನೋಡುತ್ತಾರೆ. ಕಣ್ಣೊರೆಸಿಕೊಂಡು ಕಣ್ಣಿಗೆ ಇನ್ನಷ್ಟು ಸುಣ್ಣ ಹಚ್ಚಿಕೊಳ್ಳುತ್ತಾರೆ. ಆಮೇಲೆ ಬಗ್ಗಿ, ಚೆದುರಿದ ಪುಡಿಯನ್ನು ಅಂಗೈಯಿಂದ ಗುಡಿಸಿ, ಗಾಡಿ ತಂದು, ಕದಡಿದ ಜಾಗಕ್ಕೆ ಹೊಸ ಗೆರೆ ಕೂಡಿಸುತ್ತಾರೆ. ಗೇಟಿನ ಕಡೆಯಿಂದ ಅಗೆಯುವ ಯಂತ್ರಕ್ಕೆ ಯಾರೋ ಡೀಸೆಲ್ ಹಾಕುತ್ತಿರುವ ವಾಸನೆ ಬರುತ್ತಿದೆ.

"ನಾಳೆ ಅಗೀತಾರಲ್ಲಣ್ಣ," ಎನ್ನುತ್ತಾರೆ ವಿಶಲ್ ಮಿಸ್, ನಿನ್ನೆಯಿಂದ ಅವರೊಂದಿಗೆ ಆಡಿದ ಮೊದಲ ಮಾತು. "ಈಗ್ಯಾಕೆ?"

ಅವರು ಒಂದು ಕಣ್ಣು ಮುಚ್ಚಿ, ನೆಲದ ಮಟ್ಟಕ್ಕೆ ತಲೆ ತಂದು, ಗೆರೆ ನೆಟ್ಟಗಿದೆಯೇ ಎಂದು ನೋಡುತ್ತಿದ್ದಾರೆ.

"ನಾಳೆ ಅಗೀತಾರೆ ಅಂತ ಇವತ್ತು ಗೆರೆ ಸೊಟ್ಟಗೆ ಇರೋಕಾಗತ್ತಾ ಮೇಡಂ? ಮಾವ ಬೈತಾರೆ."